ಓರೆ ಹಿಡಿದ ಕನ್ನಡಿ

ಕೂತ್ಕಳಿ ಹಾಲೇಶಪ್ಪ. ಹೆಲ್ಮೆಟ್ ಆ ಗೂಟಕ್ಕೆ ಹಾಕಿ.
ಕರೆಂಟು ಈಗ ಬಂತು, ಟ್ಯೂಬ್‌ಲೈಟು ಇನ್ನೂ ಪಿಳಪಿಳ.
ನಿಮ್ಮಂಥೋರಿಗೆ ಆ ಲೈಟೇ ಮೊದಲ ವೈರಿ,
ನೆತ್ತಿ ಮೇಲೆ ಬಿದ್ದರೆ ಇರೋ ಕೂದಲನ್ನೂ ಇಲ್ಲ ಅನ್ನುತ್ತೆ.
ಅದಕ್ಕೇ ಈ ಕುರ್ಚಿ ಬಾಗಿಲ ಕಡೆ ಎಳೆದಿಟ್ಟೆ.
ದುರ್ಗಿಗುಡಿ ಬೀದಿಯ ಬೆಳಕು ಅಡ್ಡ ಬರುತ್ತೆ,
ಅಡ್ಡ ಬೆಳಕು ಒಳ್ಳೇದು, ಚಾಡಿ ಹೇಳಲ್ಲ.

ಗೋಡೆ ಮೇಲಿನ ಪಟ ನೋಡಬೇಡಿ.
ಆ ಹದಿನೆಂಟು ಹುಡುಗರನ್ನು ನಮ್ಮಪ್ಪ ಅಂಟಿಸಿದ್ದು,
ಬಿಸಿಲಿಗೆ ನೀಲಿ ತಿರುಗಿದರೂ ಒಂದೆಳೆ ಉದುರಿಲ್ಲ ಅವರದ್ದು.
ಕಾಗದದ ತಲೆ, ಬಿಡಿ.

ನೀವು ಸರ್ವೆ ಆಫೀಸಿನೋರು, ನಿಮಗೆ ನಾನು ಹೇಳಬೇಕೆ,
ಹಣೆ ಒತ್ತುವರಿ ಮಾಡ್ತಾ ಬಂದಿದೆ.
ಬಲಗಡೆ ಎರಡು ಬೆರಳು, ಎಡಗಡೆ ಮೂರು,
ನಡುವೆ ಒಂದು ಗುಡ್ಡೆ ನಿಂತಿದೆ, ಡೀಮ್ಡ್ ಫಾರೆಸ್ಟ್ ಹಾಗೆ,
ಯಾರಿಗೆ ಸೇರಿದ್ದು ಅಂತ ಯಾರಿಗೂ ಗೊತ್ತಿಲ್ಲ.
ತಕರಾರು ಅರ್ಜಿ ತಗೊಳೋ ಕೌಂಟರೂ ಇಲ್ಲ.

ನೀವೇನು ಮಾಡಿದಿರಿ? ಬೈತಲೆ ಜಾರಿಸಿದಿರಿ.
ಬೈತಲೆ ಅಂದರೆ ಗಡಿಕಲ್ಲು,
ರಾತ್ರೋರಾತ್ರಿ ಕಿತ್ತು ನೆಡೋದಲ್ಲ ಅದನ್ನ.
ಮದುವೆಯ ವರ್ಷ ಹುಬ್ಬಿನ ನೇರಕ್ಕಿತ್ತು,
ಮಗಳು ಹುಟ್ಟಿದಾಗ ಕಣ್ಣಿನ ಕೊನೆಗೆ,
ಈಗ ಕಿವಿ ಪಕ್ಕದಿಂದ ಸೀದಾ ಹೊಳೆ ದಾಟಿಸ್ತಿದ್ದೀರಿ
ಹದಿನೇಳು ಎಳೆ, ಈ ದಡದಿಂದ ಆ ದಡಕ್ಕೆ,
ಕೊಬ್ಬರಿ ಎಣ್ಣೆಯಲ್ಲಿ ಅಂಟಿಸಿ.
ಮೊನ್ನೆ ಹೊಳೆ ಬಸ್‌ಸ್ಟಾಪಲ್ಲಿ ನೀವು ಹೆಲ್ಮೆಟ್ ತೆಗೆದಾಗ
ತುಂಗೆ ಮೇಲಿನ ಗಾಳಿಗೆ ಆ ಹದಿನೇಳೂ ಎದ್ದು ನಿಂತು
ಭದ್ರಾವತಿ ಬಸ್ಸಿಗೆ ಕೈ ಮಾಡಿದವು.
ಕಂಡೆ. ನಗಲಿಲ್ಲ, ಕತ್ತರಿ ಮುಟ್ಟಿ ಹೇಳ್ತೀನಿ.

ಇಪ್ಪತ್ತಾರು ವರ್ಷದ ಕೈ ಇದು, ಕೇಳಿ:
ಉದ್ದ ಬಿಟ್ಟಷ್ಟೂ ಬಡತನ ಕಾಣುತ್ತೆ.
ಪಕ್ಕ ಎರಡನೇ ನಂಬರಿಗೆ ಇಳಿಸೋಣ,
ಮೇಲೆ ಒಂದು ಬೆರಳಗಲ ಇರಲಿ,
ಮುಂದಕ್ಕೂ ಬಾಚಬೇಡಿ, ಹಿಂದಕ್ಕೂ ಬೇಡ,
ಟವೆಲಲ್ಲಿ ಉಜ್ಜಿ ಬಿಡಿ, ಎದ್ದ ಹಾಗೆ ಏಳಲಿ.
ಎಣ್ಣೆ ರಾತ್ರಿಗೆ. ಬೆಳಿಗ್ಗೆ ಹಚ್ಚಿದರೆ
ಎಳೆಗಳು ಗುಂಪು ಕಟ್ಟಿಕೊಂಡು ನಡುವೆ ದಾರಿ ಬಿಡ್ತವೆ.
ದುಂಡು ಮುಖ ನಿಮ್ಮದು, ನಾಲ್ಕು ದಿನದ ಗಡ್ಡ ಚೆಂದ,
ನೋಡೋರ ಕಣ್ಣು ಕೆಳಗಿಳಿಯುತ್ತೆ.
ಮೀಸೆಗೆ ಮಾತ್ರ ಬಣ್ಣ ಬೇಡ ಮಾರಾಯ್ರೆ,
ಮೀಸೆ ಕಪ್ಪಾದರೆ ತಲೆ ಲೆಕ್ಕ ಕೇಳುತ್ತೆ.

ಹಿಂದುಗಡೆಯಾ?

ಕಟಿಂಗ್ ಮುಗಿದ ಮೇಲೆ ಹಿಂದಿನಿಂದ ಸಣ್ಣ ಕನ್ನಡಿ ಹಿಡೀತೀನಲ್ಲ,
"ಸರಿ ಇದೆಯಾ" ಅಂತ,
ಅದನ್ನ ಓರೆ ಹಿಡೀತೀನಿ.
ಕುತ್ತಿಗೆ ಕಾಣುತ್ತೆ, ಕಿವಿಯ ಹಿಂಭಾಗ, ಶರ್ಟಿನ ಕಾಲರು.
ನೆತ್ತಿ ಕಾಣಲ್ಲ.
ಎಲ್ಲರೂ ತಲೆ ಆಡಿಸಿ ದುಡ್ಡು ಕೊಟ್ಟು ಹೋಗ್ತಾರೆ.
ಮೋಸ ಅಂದರೆ ಮೋಸ.
ಡಾಕ್ಟರು ಮಾಡಲ್ವೆ?

ಹೋದ ಮಂಗಳವಾರ, ರಜಾ,
ಷಟರ್ ಅರ್ಧ ಎಳೆದು ನಾನೇ ಈ ಕುರ್ಚೀಲಿ ಕೂತೆ.
ನಮ್ಮ ತಿಲಕ, ರಿಪ್ಪನ್‌ಪೇಟೆ ಹುಡುಗ,
ಕಲಿಯೋಕೆ ಬಂದು ಎಂಟು ತಿಂಗಳು,
ನಾಲಿಗೆ ಕಚ್ಚಿಕೊಂಡು ಕತ್ತರಿಸಿದ. ಕೈ ಹಗುರ.
ಕೊನೆಗೆ ಕನ್ನಡಿ ತಗೊಂಡು ಹಿಂದೆ ನಿಂತ.
"ಸರಿ ಇದೆಯಾ ಅಣ್ಣ?"
ಕುತ್ತಿಗೆ ಕಂಡಿತು.
ಕಿವಿಯ ಹಿಂಭಾಗ. ಕಾಲರು.

ನಾನು ಅವನಿಗೆ ಅದನ್ನ ಕಲಿಸಿರಲಿಲ್ಲ.

ಸುಮಾರು ಹೊತ್ತು ನನ್ನ ಕುತ್ತಿಗೇನೇ ನೋಡಿದೆ.
ಅಲ್ಲೊಂದು ಮಚ್ಚೆ ಇದೆ, ಗೊತ್ತಿರಲಿಲ್ಲ.
"ಚೆನ್ನಾಗಿದೆ ಕಣೋ" ಅಂದೆ.
ಅವನು ಕಸ ಗುಡಿಸೋಕೆ ಬಗ್ಗಿದ,
ಗುಡಿಸೋಕೆ ಹೆಚ್ಚೇನೂ ಇರಲಿಲ್ಲ.

ತಲೆ ಬಗ್ಗಿಸಿ ಹಾಲೇಶಪ್ಪ,
ಹದಿನೇಳರಿಂದಲೇ ಶುರು ಮಾಡ್ತೀನಿ.
ಮುಗಿದ ಮೇಲೆ ಕನ್ನಡಿ ಹೇಗೆ ಹಿಡೀಲಿ,
ಯೋಚನೆ ಮಾಡಿ ಹೇಳಿ. ಆತುರ ಇಲ್ಲ.
ತಿಲಕ ಟೀ ತರೋಕೆ ಹೋಗಿದ್ದಾನೆ.