ನಾಲ್ಕು ಬೂತಾಯಿ

ಹೊಯ್ಗೆಬಜಾರಿನ ಅಂಗನವಾಡಿಯಲ್ಲಿ
ತಕ್ಕಡಿ ಕೆಟ್ಟು ಹದಿನೇಳು ದಿನ.
ಸೂಪರ್‌ವೈಸರರಿಗೆ ಮೂರು ಸಲ ಫೋನು ಮಾಡಿ,
ಕೊನೆಗೆ ದಕ್ಕೆಯ ಮೊಯಿದ್ದಿನಬ್ಬನನ್ನು ಕೇಳಿದೆ.
ಮೀನಿನ ತಕ್ಕಡಿಯನ್ನು ಅವನೇ ಹೊತ್ತು ತಂದ,
ಬೈರಾಸಿನಲ್ಲಿ ಒರೆಸಿದ.
"ಪರಿಮಳ ಹೋಗುವುದಿಲ್ಲ ಟೀಚರ್,
ತೂಕ ಮಾತ್ರ ಸರಿ ಉಂಟು."

ಯಮನೂರನನ್ನು ಕೂರಿಸಿದೆವು.
ಎರಡು ವರ್ಷ ಒಂದು ತಿಂಗಳು. ಎಂಟು ಕಿಲೋ ಇನ್ನೂರು.
ತಟ್ಟೆಗೆ ಅಂಟಿದ್ದ ಒಂದು ಹುರುಪೆಯನ್ನು
ಉಗುರಲ್ಲಿ ಕೆರೆಯುತ್ತ ಕೂತ, ಅಳಲಿಲ್ಲ.
ಅಳದ ಮಕ್ಕಳೆಂದರೆ ನನಗೆ ಭಯ.

ಹೊರಗೆ ಲಾರಿ ತುಂಬ ಬೂತಾಯಿ
ನೀರು ಸುರಿಸುತ್ತ ಹೊರಟಿತ್ತು,
ಎಣ್ಣೆ ಹಿಂಡಿ ಹುಡಿ ಮಾಡುವ ಮಿಲ್ಲಿಗೆ,
ಎಲ್ಲಿಯದೋ ಕೋಳಿ ಕೊಬ್ಬಲಿಕ್ಕೆ.
ಅದೇ ಕೋಳಿಯ ಮೊಟ್ಟೆ ಇರಬಹುದು
ಊರೂರು ಸುತ್ತಿ ನನ್ನ ಟ್ರೇಗೆ ಬರುವುದು,
ಮಗುವಿಗೊಂದು.

ಅವನ ಅಮ್ಮ ಶಂಕ್ರವ್ವ, ಕುಷ್ಟಗಿ ಕಡೆಯವಳು,
ಬೆಳಗಿನ ಮೂರಕ್ಕೆ ಸಿಗಡಿ ಸುಲಿಯಲು ಕೂರುವವಳು;
ಬೆರಳ ತುದಿ ಐಸಿಗೆ ಬೆಳ್ಳಗಾಗಿದೆ.
ಅವಳು ತತ್ತಿ ಅನ್ನುತ್ತಾಳೆ, ನಾನು ತೆತ್ತಿ ಅನ್ನುತ್ತೇನೆ,
ಮೊಟ್ಟೆ ಅನ್ನುವುದು ಇಲಾಖೆಯ ಪುಸ್ತಕ ಮಾತ್ರ.
"ಮನ್ಯಾಗ ಮೂರ್ ಮಂದಿ ಹುಡುಗ್ರು ಅದಾವ್ರಿ ಟೀಚರ,
ಒಂದ ತತ್ತಿ ದಾರದಾಗ ಕೊಯ್ತೀನ್ರಿ.
ಚಾಕೂಕ್ಕ ಹಳದಿ ಹತ್ತತೈತಲ್ರಿ, ಹಾಳಾಗ್ತೈತಿ."

ಮೊಬೈಲಿನಲ್ಲಿ ನಾನು ಒತ್ತಿದ್ದೆ: ಮೊಟ್ಟೆ ಒಂದು, ಕೊಡಲಾಗಿದೆ.
ಸುಳ್ಳಲ್ಲ. ನಿಜವೂ ಅಲ್ಲ.
ಮೂರರಲ್ಲೊಂದು ಪಾಲಿಗೆ ಅದರಲ್ಲಿ ಜಾಗ ಇಲ್ಲ.

ಮರುದಿನದಿಂದ ಮೂವರೂ ನನ್ನೆದುರೇ ಕೂತು ತಿಂದರು.
ಲೆಕ್ಕ ಹೇಗೆ ಹೊಂದಿಸಿದೆ ಅಂತ ಕೇಳಬೇಡಿ,
ಬಾರದ ಮಕ್ಕಳ ಹೆಸರಿಗೂ ಆ ತಿಂಗಳು ಹಸಿವಾಗಿತ್ತು.

ಎರಡು ತಿಂಗಳಿಗೆ ಎಂಟು ಕಿಲೋ ನಾನೂರು.
ಮೊಯಿದ್ದಿನಬ್ಬ ಕತ್ತು ಚಾಚಿ ನೋಡಿದ.
"ಇನ್ನೂರು ಗ್ರಾಮಾ? ನಾಲ್ಕು ಬೂತಾಯಿ ಅಷ್ಟೇ!"
ಅಷ್ಟೇ.
ಚುಕ್ಕೆ ಇನ್ನೂ ಕೆಂಪು ಪಟ್ಟಿಯೊಳಗೇ,
ಒಂದು ಅಕ್ಕಿಕಾಳಿನಷ್ಟು ಮೇಲೆ.

ಜೂನಿನಲ್ಲಿ ಬೋಟುಗಳು ದಡ ಸೇರಿದವು, ಶೆಡ್ಡುಗಳಿಗೆ ಬೀಗ.
ಊರಿಗೆ ಹೋದರು. ಚಾರ್ಟಿನಲ್ಲಿ ಎರಡು ತಿಂಗಳು ಖಾಲಿ.
ಆ ಖಾಲಿಯಲ್ಲಿ ಅವರು ಏನು ತಿಂದರೋ.
ಇಲಾಖೆ ಹೊಸ ತಕ್ಕಡಿ ಕಳಿಸಿತು,
ಬಿಳಿಯದು, ಯಾವ ವಾಸನೆಯೂ ಇಲ್ಲದ್ದು.

ಆಗಸ್ಟಿನಲ್ಲಿ, ಮಳೆ ಬಿಟ್ಟ ಒಂದು ಬೆಳಿಗ್ಗೆ
ಬಾಗಿಲಲ್ಲಿ ಯಮನೂರ.
ತಾನೇ ಹತ್ತಿದ, ಬಗ್ಗಿ ಮೂಸಿದ, ಇಳಿದ.
"ಮೀನಾ ಎಲ್ಲೈತಿ?" ಎಂದು
ನೆಲಕ್ಕೆ ಕಾಲು ಬಡಿದು ಅಳತೊಡಗಿದ,
ದಕ್ಕೆಯವರೆಗೂ ಕೇಳುವ ಹಾಗೆ.

ತೂಕ ಬರೆಯುವುದು ಬಿಟ್ಟು
ಸ್ವಲ್ಪ ಹೊತ್ತು ನಾನು ಅದನ್ನೇ ಕೇಳುತ್ತ ನಿಂತೆ.