ರಿಕವರಿ

ಶಾರ್ಜಾದ ಅಬೂ ಶಗಾರ, ಲಾಂಡ್ರಿಯ ಹಿಂದೆ
ಆ ಬಿಳಿ ಸನ್ನಿ ಕಾರು ಈಗ ಬಿಳಿಯಲ್ಲ.
ಚಕ್ರ ಮೂರು ಕೂತುಬಿಟ್ಟಿವೆ,
ವೈಪರಿನಡಿ ಪರೋಟದಂಗಡಿಯ, ಮಸಾಜಿನ ಚೀಟಿಗಳು,
ಪಕ್ಕದಲ್ಲಿ ಬಲದಿಯಾದ ಸ್ಟಿಕ್ಕರು.
ಅಂಟಿಸಿದವನು ನಾನೇ, ಹೋದ ವಾರ.

ವಾಯಿದೆ ಮುಗಿದಿದೆ.
ಕೊಕ್ಕೆ ಬಿಚ್ಚುತ್ತ ನೋಡಿದರೆ
ಮುಂದಿನ ಗಾಜಿನ ಧೂಳಲ್ಲಿ ಯಾರದೋ ಬೆರಳು,
ದುಂಡಗೆ, ಕಾಪಿ ಬರೆದ ಹಾಗೆ:
ಬರ್ತೇನೆ.
ಅಂದು ಇದು ಇರಲಿಲ್ಲ.

ಇನ್ಸ್‌ಪೆಕ್ಟರ್ ಫತ್ಹಿ ಕನ್ನಡಕ ಹಣೆಗೇರಿಸಿ
"ಏನಿದು, ಮಲಬಾರಿಯೋ?"
"ಕನ್ನಡ, ಸಾರ್. ಬರ್ತಾನಂತೆ."
"ಯಾವಾಗ?"

ಕೊಕ್ಕೆ ಕೈಯಲ್ಲೇ ಉಳಿಯಿತು.
ಹೇಗೆ ಹೇಳಲಿ ಈ ಮಿಸ್ರಿಗೆ,
ನಮ್ಮಲ್ಲಿ ಹೋಗುವವರು ಹೋಗ್ತೇನೆ ಅನ್ನುವುದಿಲ್ಲ,
ಆಸ್ಪತ್ರೆಯ ಬಾಗಿಲಲ್ಲೂ
ಸಾಲ ಕೊಟ್ಟವನ ಮೆಟ್ಟಿಲಲ್ಲೂ
ಬರ್ತೇನೆ ಅಂದೇ ಚಪ್ಪಲಿ ಮೆಟ್ಟುವುದು ಎಂದು.
"ಗೊತ್ತಿಲ್ಲ" ಅಂದೆ.
ಅವನು ಟಿಕ್ ಹಾಕಿದ: ಮಾಲೀಕನಿಲ್ಲ.

ಎಳೆದೆ. ಅಡಿಯಿಂದ ಬೆಕ್ಕೊಂದು ಬೈದುಕೊಂಡು ಓಡಿತು.
ಕಾರಿದ್ದಷ್ಟು ಜಾಗ ಮಾತ್ರ ಹೊಸ ಟಾರಿನಷ್ಟು ಕಪ್ಪು,
ನಡುವೆ ಅಂಗೈಯಗಲ ಎಣ್ಣೆ.
ಆಗಲೇ ಯಾರೋ ಹಾರ್ನ್ ಹೊಡೆಯುತ್ತ ರಿವರ್ಸ್ ಬರುತ್ತಿದ್ದಾರೆ.

ದಾರಿಯಿಡೀ ನನ್ನ ಕನ್ನಡಿಯಲ್ಲಿ ಆ ಮಾತು
ತಿರುಗುಮುರುಗಾಗಿ ಕುಲುಕಿತು.
ಅಷ್ಟು ಗಾಳಿಗೂ ಅಕ್ಷರ ಉದುರಲಿಲ್ಲ,
ಸೆಕೆಗೆ ಧೂಳು ಗಾರೆಯಾಗಿತ್ತು.

ಯಾರ್ಡಿನ ಮೂಲೆಯಲ್ಲಿ, ಅಂಥವೇ ಇನ್ನೂರರ ನಡುವೆ
ಇಳಿಸಿ ಹೊರಟಾಗ
ಗೇಟಿನ ಪಠಾಣನಿಗೆ ದಿನವೂ ಸಲಾಂ ಅನ್ನುವವನು
ಇವತ್ತು ಬಾಯಿತಪ್ಪಿ ಕನ್ನಡದಲ್ಲೇ ಅಂದುಬಿಟ್ಟೆ.
ಅವನು ತಲೆಯಾಡಿಸಿ
ಗೇಟು ಎಳೆದುಕೊಂಡ.