ಅಂಚಿನ ಪಟ್ಟಿ

ಅರಸೀಕೆರೆ ರೈಲ್ವೆ ಕ್ವಾರ್ಟರ್ಸು, ಹನ್ನೊಂದನೇ ನಂಬರು.
ಇಬ್ಬರು ನಿಂತರೆ ಮೊಣಕೈ ತಾಗುವ ಅಡುಗೆಮನೆ,
ಗೋಡೆಗೆ ಮೂರು ಮರದ ಹಲಗೆ.
ಬಾಣಾವರದಿಂದ ನಾನು ಬಂದ ದಿನ
ಒಂದು ಡಬ್ಬಿಯೂ ನನ್ನನ್ನು ಕೇಳಿಕೊಂಡು ಕೂತಿರಲಿಲ್ಲ.

ಹಾರ್ಲಿಕ್ಸ್ ಬಾಟಲಿಯೊಳಗೆ ಕೊತ್ತಂಬರಿ ಬೀಜ,
ಬೋರ್ನ್‌ವಿಟಾದಲ್ಲಿ ಬ್ಯಾಡಗಿ ಪುಡಿ,
ಚ್ಯವನಪ್ರಾಶದ ಡಬ್ಬಿಯಲ್ಲಿ ಕಲ್ಲುಹೂವೂ ಮರಾಠಿ ಮೊಗ್ಗೂ
ಒಂದಕ್ಕೊಂದು ಒರಗಿಕೊಂಡು.
ಪ್ರತಿಯೊಂದರ ಹೊಟ್ಟೆಗೂ ಒಂದು ಚೀಟಿ:
ಹಳೇ ಕ್ಯಾಲೆಂಡರಿನ ಹಿಂಬದಿ, ಅನ್ನದ ಅಗುಳಿನ ಅಂಟು,
ನೀಲಿ ಇಂಕು, ದುಂಡನೆ ಅಕ್ಷರ.
ವನಜಾಕ್ಷಿಯದು.
ಅವಳು ಹೋಗಿ ಆಗ ಎರಡು ವರ್ಷ.

ಚೀಟಿಗೆ ಕೈ ಹಾಕಲಿಲ್ಲ. ಜಾಗ ಮಾತ್ರ ಬದಲಿಸಿದೆ.
ದಿನಕ್ಕೆ ಬೇಕಾದ್ದು ಕೆಳಗೆ, ಹಬ್ಬಕ್ಕೆ ಬೇಕಾದ್ದು ಮೇಲೆ,
ಸಾಸಿವೆ ನನ್ನ ಬಲಗೈಗೆ.
ಅವಳು ಎಡಚಿ ಇರಬೇಕು,
ಒಗ್ಗರಣೆಯ ಸಾಮಾನೆಲ್ಲ ಎಡಕ್ಕೇ ಇತ್ತು.
ಹಲಗೆಯ ಅಂಚಿಗೆ ಉದ್ದಕ್ಕೂ ಹೊಡೆದಿದ್ದ ಮರದ ಪಟ್ಟಿ
ಕೈಗೆ ಅಡ್ಡ ಬರುತ್ತೆ ಅಂತ ಕಿತ್ತು
ನೀರೊಲೆಗೆ ಹಾಕಿದೆ. ಚೆನ್ನಾಗಿ ಉರಿಯಿತು.

ಒಂಬತ್ತು ದಿನ ಏನೂ ಆಗಲಿಲ್ಲ.
ಹತ್ತನೇ ರಾತ್ರಿ, ಎರಡೂವರೆಯ ಅದಿರಿನ ಗೂಡ್ಸು ಹೋದ ಮೇಲೆ
ಮೆಂತ್ಯದ ಬಾಟಲಿ ಬಿತ್ತು.
ಗಾಡಿ ಹೋದಾಗಲೆಲ್ಲ ಡಬ್ಬಿಗಳು ನಡೆಯುತ್ತವೆ,
ಎಳ್ಳಿನಷ್ಟು, ಎಳ್ಳಿನಷ್ಟು.
ಅದನ್ನು ನನಗೆ ಯಾರು ಹೇಳಬೇಕು?
ಆ ಗಾಡಿಗೇ ಹಸಿರು ದೀಪ ತೋರಿಸಿ ನಿಂತಿದ್ದ
ಓಂಕಾರಪ್ಪನವರಿಗೂ ಗೊತ್ತಿರಲಿಲ್ಲ.
ಗಾಜು ಆರಿಸಿದೆ, ಕಾಳು ಗುಡಿಸಿದೆ.
ಚೀಟಿ ಎಲ್ಲಿ ಹೋಯಿತೋ ಕಸದಲ್ಲಿ.
ಬೆಳಗಿನ ಕಾಫಿ ಲೋಟಕ್ಕೂ ಮೆಂತ್ಯದ ಕಹಿ.

ರುದ್ರಾಚಾರಿ ಬಡಗಿಯ ಹತ್ತಿರ ಹೊಸ ಪಟ್ಟಿ, ಹದಿನೆಂಟು ರೂಪಾಯಿ.
"ಅಳತೆ?" ಅಂದರು.
ಅಳತೆ ಯಾಕೆ, ಹಳೇ ಮೊಳೆಯ ತೂತು
ಹಲಗೆಯಲ್ಲಿ ಹಾಗೇ ಇದೆಯಲ್ಲ.

ಇಂಚರಳಿಗೆ ಆಗ ಏಳು.
ಓದು ಕಲಿತದ್ದು ಈ ಹಲಗೆಗಳ ಮುಂದೆ, ಒಲೆಕಟ್ಟೆಯ ಮೇಲೆ ಕೂತು:
ಜೀ-ರಿ-ಗೆ. ಗ-ಸ-ಗ-ಸೆ.
ನನ್ನನ್ನು ಏನೂ ಅಂತ ಕರೆಯುತ್ತಿರಲಿಲ್ಲ.
"ಬೆಲ್ಲ ಎಲ್ಲಿ?" ಅಂತ ಗೋಡೆಯನ್ನು ಕೇಳುತ್ತಿದ್ದಳು.
ಗೋಡೆ ಸುಮ್ಮನಿದ್ದರೆ ನಾನು ಹೇಳುತ್ತಿದ್ದೆ.

ಒಂದು ಸಂಜೆ ಉಕ್ತಲೇಖನದ ಪುಸ್ತಕ ಬಿಸಾಕಿದಳು.
ಹತ್ತಕ್ಕೆ ಒಂಬತ್ತು.
ಕೆಂಪು ಗೀಟು 'ಯಾಲಕ್ಕಿ'ಯ ಮೇಲೆ,
ಪಕ್ಕದಲ್ಲಿ ಮೇಷ್ಟರ ಕೈ: ಏಲಕ್ಕಿ. ಹತ್ತು ಸಲ ಬರಿ.
ಸ್ಟೂಲು ಹತ್ತಿ ಮೇಲಿನ ಹಲಗೆಯ ಡಬ್ಬಿ ತಂದು
ಪುಸ್ತಕದ ಪಕ್ಕ ಇಟ್ಟಳು.
ದುಂಡನೆ ಅಕ್ಷರದಲ್ಲಿ, ಯಾಲಕ್ಕಿ.
ಮೊದಲ ಸಲ ಗೋಡೆಯನ್ನು ಬಿಟ್ಟು ನನ್ನನ್ನು ನೋಡಿದಳು.

ಎಸ್ಸೆಸ್ಸೆಲ್ಸಿ ಕನ್ನಡಕ್ಕೆ ನನಗೆ ತೊಂಬತ್ತೆರಡು.
ಯಾವುದು ಸರಿ ಅಂತ ಗೊತ್ತು.
ನಮ್ಮ ಬಾಣಾವರದಲ್ಲಿ ಏನಂತೀವಿ, ಅದೂ ಗೊತ್ತು.
"ಮೇಷ್ಟರ ಪುಸ್ತಕದಲ್ಲಿ ಏಲಕ್ಕಿ.
ಈ ಮನೇಲಿ ಯಾಲಕ್ಕಿ" ಅಂದೆ. "ಮೂಸಿ ನೋಡು."
ಮೂಸಿದಳು.
ಮುಖ ಊದಿಸಿಕೊಂಡೇ ಹತ್ತು ಸಲ ಬರೆದಳು.
ಪಾಯಸ ಮಾಡಬೇಕಿತ್ತೇನೋ. ಮಾಡಲಿಲ್ಲ,
ಹಾಲು ಒಂದು ಲೋಟ ಇತ್ತು ಅಷ್ಟೆ.

ಊಟ ಆದ ಮೇಲೆ ಬಂದು
"ಮೆಂತ್ಯಕ್ಕೆ ಚೀಟಿ ಇಲ್ಲ" ಅಂದಳು, "ನೀನೇ ಬರಿ."
ಕ್ಯಾಲೆಂಡರು ಕತ್ತರಿಸಿ, ಅಗುಳು ಹಿಸುಕಿ,
ಇದ್ದ ಕಪ್ಪು ಪೆನ್ನಿನಲ್ಲಿ ಬರೆದೆ: ಮೆಂತ್ಯ.
ನನ್ನ ಅಕ್ಷರ ಉದ್ದುದ್ದ, ಬಲಕ್ಕೆ ವಾಲಿದ್ದು.
"ಹಳೇದರಲ್ಲಿ ಮೆಂತೆ ಅಂತಿತ್ತು."
ಹರಿಯಲು ಹೋದೆ.
"ಇರ್ಲಿ ಬಿಡು" ಅಂದಳು.

ಹತ್ತೂಕಾಲಿನ ಪ್ಯಾಸೆಂಜರು ಬಂತು.
ಹಸಿ ಚೀಟಿಯ ಬಾಟಲಿ, ಉಳಿದವುಗಳ ಜೊತೆ,
ಎಳ್ಳಿನಷ್ಟು ಮುಂದೆ ನಡೆಯಿತು.